ಚಂದ್ರನಂಗಿಯ ಗರಗರ

ಕಡೂರು ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಶಾಮಣ್ಣನನ್ನು ಒಂದು ಕಡೆ ಸುಮ್ಮನೆ ಕೂರಿಸುವುದು ಅವನ ಹೆಂಡತಿ ರಂಗನಾಯಕಿಯ ಕೈಲಾಗಲಿಲ್ಲ, ಬೇರೆ ಯಾರ ಕೈಲೂ ಆಗಲಿಲ್ಲ. ಊಟಕ್ಕೆ ಕೂತರೆ ಅರ್ಧ ಕೂತಿರುತ್ತಿದ್ದ, ಅರ್ಧ ಎದ್ದಿರುತ್ತಿದ್ದ. ತುತ್ತು ಬಾಯಲ್ಲಿ, ಕಿವಿ ಬೀದಿಯಲ್ಲಿ. ಎಲ್ಲೋ ಯಾರ ಮನೆಯದೋ ರೇಡಿಯೋ ಗರಗರ ಅಂದಿತೋ, ಮುಗಿಯಿತು. ಸಾರನ್ನ ಕಲಸಿದ ಕೈಯಲ್ಲೇ ಬಾಗಿಲಿಗೆ ಬಂದು ಕತ್ತು ಓರೆ ಮಾಡಿ ನಿಲ್ಲುತ್ತಿದ್ದ.

"ಎಲ್ಲೋ ಕಿಡಿ ಹಾರ್ತಿದೆ ಕಣೇ."

"ಹಾರ್ಲಿ ಬಿಡಿ. ನಿಮ್ಮ ಪಂಚೆ ಮೇಲೇನೂ ಹಾರ್ಲಿಲ್ವಲ್ಲ. ಮಜ್ಜಿಗೆ ಬಡಿಸಿದೀನಿ, ಬನ್ನಿ ಒಳಗೆ" ಎಂದು ರಂಗನಾಯಕಿ ಒಳಗಿನಿಂದ ಕೂಗುತ್ತಿದ್ದಳು. ಮಜ್ಜಿಗೆ ಎಲೆಯ ಮೇಲೆ ಹರಿದು ನೆಲಕ್ಕಿಳಿದರೂ ಅವನು ಬರುತ್ತಿರಲಿಲ್ಲ.

ಲೋಕದ ಜನ ರೇಡಿಯೋ ಹಾಕುವುದು ವಾರ್ತೆಗೆ, ಹಾಡಿಗೆ, ಕೃಷಿಕರ ಕಾರ್ಯಕ್ರಮಕ್ಕೆ. ಈ ಪುಣ್ಯಾತ್ಮ ಕೇಳುತ್ತಿದ್ದುದು ಅದರ ಹಿಂದೆ ಇರುವ ಗರಗರವನ್ನು. ಹಿಟ್ಟಿನ ಗಿರಣಿಯ ಮೋಟಾರಿನದು ಒಂದು ಥರ, ಲಾರಿಯ ಎಂಜಿನ್ನಿನದು ಇನ್ನೊಂದು ಥರ, ಕರೆಂಟ್ ತಂತಿಗೆ ತೆಂಗಿನ ಗರಿ ಸವರಿದರೆ ಮತ್ತೊಂದು ಥರ. ಹತ್ತಿರದಲ್ಲಿ ಎಲ್ಲಿ ಕರೆಂಟಿನ ಕಿಡಿ ಹಾರಿದರೂ ಅದು ರೇಡಿಯೋದಲ್ಲಿ ಗರಗರವಾಗಿ ಕೇಳಿಸುತ್ತಿತ್ತು. ಒಳ್ಳೆಯ ದನಿಯ ಮೇಲೆ ಇಂಥ ಸದ್ದು ಬಂದು ಕೂತರೆ ತನ್ನ ಮೈಮೇಲೆ ಯಾರೋ ಉಗುಳಿದಷ್ಟು ಕೋಪ ಬರುತ್ತಿತ್ತು ಅವನಿಗೆ. ಬೆಂಗಳೂರಿನಲ್ಲಿ ಕೆಲಸ ಕಲಿತು, ಐವತ್ತೆರಡನೇ ಇಸವಿಯಲ್ಲಿ ವಾಪಸು ಬಂದು ಅಂಗಡಿ ತೆರೆದ ದಿನದಿಂದ ಅವನು ಹಿಡಿದ ಹಠ ಅದೊಂದೇ. ಗರಗರ ಎಲ್ಲಿದ್ದರೂ ಹುಡುಕಬೇಕು, ಹುಡುಕಿ ಅಡಗಿಸಬೇಕು.

ಈ ಹುಚ್ಚಿಗೆ ಒಮ್ಮೆ ತಕ್ಕ ಶಾಸ್ತಿಯೂ ಆಯಿತೆನ್ನಿ. ಅವನ ಮನೆಯ ಬೀದಿಯಲ್ಲೇ ಇದ್ದ ಅಮಲ್ದಾರರ ಮನೆಯ ರೇಡಿಯೋಗೆ ದಿನಾ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಗರಗರ ಹಿಡಿಯುತ್ತಿತ್ತು. ಶಾಮಣ್ಣ ಪೆಟ್ಟಿಗೆ ಬಿಚ್ಚಿ ನೋಡಿದ, ಏರಿಯಲ್ ಬದಲಾಯಿಸಿದ, ಏನೂ ಆಗಲಿಲ್ಲ. ಕೊನೆಗೆ ಬ್ಯಾಟರಿ ರೇಡಿಯೋ ಒಂದನ್ನು ಎದೆಗವುಚಿಕೊಂಡು, ಅದನ್ನು ಆ ಕಡೆ ಈ ಕಡೆ ತಿರುಗಿಸುತ್ತ ಊರೆಲ್ಲ ಅಲೆದ. "ಏನ್ ಶಾಮಣ್ಣೋರೆ, ಎಮ್ಮೆ ತಪ್ಪಿಸ್ಕಂಡೈತಾ?" ಎಂದು ಜನ ಆಡಿಕೊಂಡರು. ಗಿರಣಿ ಆಯಿತು, ಕೊಬ್ಬರಿ ಮಂಡಿ ಆಯಿತು, ಟೆಂಟ್ ಸಿನಿಮಾ ಆಯಿತು. ವಾಪಸು ಬೀದಿಗೆ ಬಂದಂತೆ ಸದ್ದು ಜೋರಾಗುತ್ತ ಹೋಗಿ, ಅವನದೇ ಮನೆಯ ದೇವರ ಕೋಣೆಯ ಮುಂದೆ ಕಿವಿ ಹರಿಯುವಷ್ಟಾಯಿತು. ದೇವರ ಮುಂದಿನ ಬಲ್ಬಿನ ಹೋಲ್ಡರ್ ಸಡಿಲವಾಗಿತ್ತು. ರಂಗನಾಯಕಿ ಸಂಜೆ ದೀಪ ಹಾಕಿದಾಗಲೆಲ್ಲ ಅಲ್ಲಿ ಕಿಡಿ ಹಾರುತ್ತಿತ್ತು.

"ಅದನ್ನ ಹಾಕ್ದೋರು ಯಾರು?" ಎಂದಳು ರಂಗನಾಯಕಿ, ಸೊಂಟಕ್ಕೆ ಕೈಯಿಟ್ಟು.

ಹಾಕಿದವನು ಅವನೇ. ಅಮಲ್ದಾರರು ನಕ್ಕು ಸುಮ್ಮನಾದರು. ಶಾಮಣ್ಣನಿಗೆ ಮಾತ್ರ ಎಷ್ಟೋ ದಿನ ಅನ್ನ ಇಳಿಯಲಿಲ್ಲ.

ಆಮೇಲೆ ಅವನು ಮೈಕ್ ಸೆಟ್ಟೂ ಕೊಂಡ. ಮದುವೆ, ಭಾಷಣ, ನಾಟಕ ಯಾವುದೇ ಇರಲಿ, ಅಜ್ಜಂಪುರದಿಂದ ತರೀಕೆರೆಯವರೆಗೆ ಶಾಮಣ್ಣನ ಸೆಟ್ಟೇ ಆಗಬೇಕು ಎನ್ನುವಷ್ಟು ಹೆಸರಾಯಿತು. ಆದರೆ ಅವನ ಮನಸ್ಸಿನಲ್ಲಿ ಒಂದು ಕೊರಗು ಉಳಿದೇ ಇತ್ತು. ಆ ಕೊರಗಿನ ಹೆಸರು ಮುದ್ದಪ್ಪ.

ಮುದ್ದಪ್ಪ ಬುಕ್ಕಾಂಬುಧಿಯವನು, ಕೆರೆಯ ಕೆಳಗೆ ಗದ್ದೆ ಮಾಡುವವನು, ಅಜ್ಜಂಪುರದ ಮಿಡ್ಲ್ ಸ್ಕೂಲಿನಲ್ಲಿ ಶಾಮಣ್ಣನ ಪಕ್ಕದಲ್ಲಿ ಕೂತು ಒಂದೇ ಬೆತ್ತದಲ್ಲಿ ಏಟು ತಿಂದವನು. ಆಳು ಗುಡಾಣದಂತಿದ್ದ. ದನಿ ತೆಗೆದರೆ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. ನಾಟಕದಲ್ಲಿ ಅವನು ಹಾಡಿದನೆಂದರೆ ಜನ "ಒನ್ಸ್ ಮೋರ್" ಎನ್ನದೆ ಬಿಟ್ಟದ್ದೇ ಇಲ್ಲ. ನಮ್ಮ ಕಡೆಯ ನಾಟಕದ ಮರ್ಯಾದೆಯೇ ಅದು. ಜನ ಕೇಳಿದಷ್ಟು ಸಲ ಹಾಡಬೇಕು, ಸತ್ತು ಬಿದ್ದ ಪಾತ್ರವಾದರೂ ಎದ್ದು ಹಾಡಿ ಮತ್ತೆ ಸಾಯಬೇಕು. ಹಾಡದೆ ಒಳಗೆ ಹೋದರೆ ಊರಿಗೇ ಅವಮಾನ ಮಾಡಿದ ಹಾಗೆ.

ಅಂಥ ದನಿ ಶಾಮಣ್ಣನ ಲೌಡ್ ಸ್ಪೀಕರಿನಲ್ಲಿ ಒಂದು ಸಲವೂ ಚೊಕ್ಕವಾಗಿ ಬಂದಿರಲಿಲ್ಲ. ಒಮ್ಮೆ ಜನರೇಟರಿನ ಹುಂಯ್ ಎಂಬ ಸದ್ದು, ಒಮ್ಮೆ ತಂತಿಯ ತೊಂದರೆ, ಇನ್ನೊಮ್ಮೆ ಪರದೆಯ ಹಿಂದಿನ ಬಣ್ಣದ ದೀಪದವನ ಕಿತಾಪತಿ. "ಸಾಯೋದ್ರೊಳಗೆ ಒಂದೇ ಒಂದ್ಸಲ ನಿನ್ನ ದನಿ ಹಾಲಿನಂಗೆ ಕೇಳ್ಬೇಕು ಕಣೋ" ಎಂದು ಶಾಮಣ್ಣ ಹೇಳುತ್ತಲೇ ಇದ್ದ. ಮುದ್ದಪ್ಪ ನಕ್ಕು, "ನನ್ ಗದ್ದೆಗ್ ಬಾ, ಮೈಕಿಲ್ದೆ ಕೇಳಿಸ್ತೀನಿ" ಎನ್ನುತ್ತಿದ್ದ. ಗದ್ದೆಯಲ್ಲಿ ಕೇಳಿ ಏನು ಮಾಡುವುದು? ಶಾಮಣ್ಣನಿಗೆ ಬೇಕಾಗಿದ್ದುದು ತನ್ನ ಸೆಟ್ಟಿನಲ್ಲಿ.

ಅರವತ್ತೊಂಬತ್ತರ ಆಷಾಢದಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಶಾಮಣ್ಣನ ಅಂಗಡಿಯ ಮುಂದೆ ಜಾತ್ರೆಯಾಗುವಷ್ಟು ಜನ ಸೇರಿ ರೇಡಿಯೋ ಕೇಳಿದರು. ಎಲ್ಲರೂ ಬಾಯಿ ಬಿಟ್ಟುಕೊಂಡು ಚಂದ್ರನ ಕಡೆ ನೋಡುತ್ತಿದ್ದರೆ ಇವನ ತಲೆಗೆ ಹೊಕ್ಕಿದ್ದೇ ಬೇರೆ. ಪತ್ರಿಕೆಯಲ್ಲಿ ಆ ದಪ್ಪ ಉಡುಪಿನ ಚಿತ್ರ ಬಂದಾಗ ಅದನ್ನು ಹಿಡಿದು ಮನೆಯಲ್ಲಿ ಶತಪಥ ಹಾಕಿದ.

"ನೋಡೇ, ಈ ಅಂಗಿ ಒಳಗೆ ಗಾಳಿ ಬಿಡೋ ಮೋಟಾರಿದೆ, ಬ್ಯಾಟರಿ ಇದೆ, ಮಾತಾಡೋಕೆ ವೈರ್‌ಲೆಸ್ಸೂ ಇದೆ. ಎಲ್ಲಾ ಒಂದೇ ಅಂಗಿಯಲ್ಲಿ! ಮೋಟಾರಿನ ಕಿಡಿ ಮಾತಿಗೆ ತಾಗಬಾರ್ದು, ಮಾತಿನ ಕರೆಂಟು ಮೋಟಾರನ್ನ ನಿಲ್ಲಿಸಬಾರ್ದು. ಅದನ್ನೆಲ್ಲ ಒಂದೊಂದಾಗಿ ಹಾಕಿ, ತೆಗೆದು, ಪರೀಕ್ಷೆ ಮಾಡಿದ ಮಹಾನುಭಾವ ಯಾರೋ ಇರ್ಬೇಕಲ್ಲ? ಅವನ ಹೆಸರು ಯಾರೂ ಹೇಳಲ್ವಲ್ಲ!"

"ಅವನ ಹೆಂಡ್ತಿನೂ ಮಜ್ಜಿಗೆ ಬಡಿಸ್ಕೊಂಡು ಕಾಯ್ತಿರ್ತಾಳೆ, ಪಾಪ" ಎಂದಳು ರಂಗನಾಯಕಿ.

ಹೀಗೆ ತಲೆ ಕೆಡಿಸಿಕೊಂಡು ಕೂತವನ ಹತ್ತಿರಕ್ಕೇ ಬರಬೇಕೇ ತರೀಕೆರೆಯ ಓಂಕಾರಮೂರ್ತಿ! ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಹಾರ್ಮೋನಿಯಂ ನುಡಿಸುವವರು, ನಾಟಕದ ಸಂಘಕ್ಕೆ ಅವರೇ ಎಲ್ಲ. ಚಂದ್ರಲೋಕಕ್ಕೆ ಹೋದ ರೈತನೊಬ್ಬನ ಕಥೆ ಬರೆದಿದ್ದರು. ಹೋದವನು ಅಲ್ಲಿ ಚಂದ್ರನನ್ನೂ ಅವನ ಹೆಂಡಿರನ್ನೂ ಕಂಡು, ಜಗಳ ಬಿಡಿಸಿ, ಹಾಡು ಹೇಳಿ ವಾಪಸು ಬರುತ್ತಾನೆ. ಹೋಗುವವನು ಮುದ್ದಪ್ಪ. ಅವನಿಗೆ ಪತ್ರಿಕೆಯಲ್ಲಿದ್ದ ಹಾಗೇ ಉಡುಪು ಆಗಬೇಕು, ತಲೆಗೆ ಮುಚ್ಚಿದ ಬುರುಡೆ ಆಗಬೇಕು, ಬುರುಡೆಯ ಒಳಗಿನಿಂದ ಹಾಡು ಕೇಳಬೇಕು. ಮೊದಲ ಆಟ ತರೀಕೆರೆಯಲ್ಲಿ, ಎರಡನೆಯದು ಅಜ್ಜಂಪುರದಲ್ಲಿ.

"ಒಳಗಿನಿಂದ ಹಾಡಿದ್ರೆ ಯಾರಿಗ್ರೀ ಕೇಳ್ಸುತ್ತೆ ಅಂತ ಎಲ್ಲಾ ನಗ್ತಾರೆ ಶಾಮಣ್ಣೋರೆ. ನಿಮ್ಮ ಕೈಲಾಗುತ್ತಾ?"

ಶಾಮಣ್ಣ ಆಗಲೇ ಎದ್ದು ನಿಂತಾಗಿತ್ತು.

ಮೇಷ್ಟ್ರು ದೊಡ್ಡ ಮಣ್ಣಿನ ಹರವಿಯ ಮೇಲೆ ನೆನೆಸಿದ ಕಾಗದ, ಮೆಂತ್ಯದ ಹಿಟ್ಟು ಮೆತ್ತಿ ಒಣಗಿಸಿ ಬುರುಡೆ ಮಾಡಿದರು. ಮುಖದ ಮುಂದೆ ಕಿಟಕಿಗೆ ಡಾಕ್ಟರ ಹತ್ತಿರ ಹಳೆಯ ಎಕ್ಸ್‌ರೇ ಫಿಲ್ಮ್ ಬೇಡಿ ತಂದು, ಕಪ್ಪು ಹೋಗುವವರೆಗೆ ತೊಳೆದು ಕೂರಿಸಿದರು. ಅಂಗಿ ಹೊಲಿದವಳು ರಂಗನಾಯಕಿ. ಹೊರಗೆ ಕ್ಯಾನ್‌ವಾಸು, ಒಳಗೆ ಟೀ ಪೆಟ್ಟಿಗೆಯಿಂದ ಬಿಡಿಸಿದ ಬೇಗಡೆಯ ತಗಡು ಹಾಳೆ. ಹೊಲಿಗೆ ಮೆಷಿನ್ನಿನ ಸೂಜಿ ಮುರಿದಾಗಲೆಲ್ಲ ಅವಳು ಚಂದ್ರನಿಗೂ ಗಂಡನಿಗೂ ಸೇರಿಸಿ ಬೈದಳು. ಊರಿನ ಮಕ್ಕಳು ಅದಕ್ಕೆ ಚಂದ್ರನಂಗಿ ಎಂದು ಹೆಸರಿಟ್ಟರು.

ಪರೀಕ್ಷೆ ನಡೆದದ್ದು ಅಂಗಡಿಯ ಹಿತ್ತಿಲಿನಲ್ಲಿ, ಒಂದು ಭಾನುವಾರ, ನಡುಹಗಲು. ಮುದ್ದಪ್ಪನ ಜೊತೆ ಅವನ ಹೆಂಡತಿ ಅಂಜಿನಮ್ಮನೂ ಬುಕ್ಕಾಂಬುಧಿಯಿಂದ ಬಂದಿದ್ದಳು. ಬಾಯಿ ಕಡಿಮೆ, ಕಣ್ಣು ಚುರುಕು. ಬಾವಿಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಮೊದಲು ಬೇಗಡೆ ತಂಟೆ ಮಾಡಿತು. ಮನೆಯ ಕರೆಂಟಿನ ಹುಂಯ್ ಎಂಬ ಸದ್ದನ್ನೆಲ್ಲ ಅದು ಹೀರಿಕೊಂಡು ಮೈಕಿಗೆ ಕೊಡುತ್ತಿತ್ತು. ಶಾಮಣ್ಣ ಬೇಗಡೆಗೆ ತಂತಿ ಸೇರಿಸಿ ಅರ್ತ್ ಕೊಟ್ಟ, ಹುಂಯ್ ನಿಂತಿತು. ಎದೆಯ ಮೇಲೆ ಮಿಣುಕುವ ದೀಪ ಇಟ್ಟಿದ್ದರು. ಅದು ಮಿಣುಕಿದಾಗಲೆಲ್ಲ ಸ್ಪೀಕರಿನಲ್ಲಿ ಟಕ್ ಟಕ್ ಎಂದಿತು. ಶಾಮಣ್ಣ ಮಿಣುಕುವುದನ್ನೇ ಕಿತ್ತು ಹಾಕಿದ. "ಮಿಣುಕ್ದೇ ಇದ್ರೆ ಅದ್ಯಾವ ಚಂದ್ರಲೋಕ ರೀ!" ಎಂದು ಮೇಷ್ಟ್ರು ಮುಖ ಊದಿಸಿಕೊಂಡರು. ಆಮೇಲೆ ಬುರುಡೆಗೂ ಅಂಗಿಗೂ ನಡುವೆ ಸಂದು ಬಿಟ್ಟರೆ ಸ್ಪೀಕರಿನ ಸದ್ದು ಒಳಗೆ ನುಗ್ಗಿ ಮೈಕು ಕುಯ್ಯೋ ಎಂದು ಅರಚಿತು. ಹಾಗಾಗಿ ಕುತ್ತಿಗೆಯ ಸುತ್ತ ಸೈಕಲ್ ಟ್ಯೂಬು, ಹತ್ತಿ ತುರುಕಿ, ಹಿಂದಿನಿಂದ ನಟ್ಟು ಬಿಗಿದರು. ಒಳಗಿದ್ದವನು ತಾನಾಗಿ ಅದನ್ನು ಬಿಚ್ಚುವ ಹಾಗಿರಲಿಲ್ಲ.

ಬಾವಿಕಟ್ಟೆಯಿಂದ ಅಂಜಿನಮ್ಮ ಕೇಳಿದಳು. "ಇದ್ರೊಳ್ಗೆ ಉಸಿರು ಎಲ್ಲಿಂದ ಬತ್ತದೆ ಸ್ವಾಮಿ?"

ಶಾಮಣ್ಣ ಬೆನ್ನಿನ ಪೆಟ್ಟಿಗೆ ತೆರೆದು ತೋರಿಸಿದ. ಹಳೆಯ ಕಾರಿನದೊಂದು ಪುಟ್ಟ ಫ್ಯಾನು, ಮೋಟಾರ್ ಸೈಕಲ್ಲಿನ ಬ್ಯಾಟರಿ. ಫ್ಯಾನು ಹೊರಗಿನ ಗಾಳಿ ಎಳೆದು ರಬ್ಬರ್ ಕೊಳವೆಯಲ್ಲಿ ಬುರುಡೆಗೆ ಕಳಿಸುತ್ತಿತ್ತು.

"ಅದು ನಿಂತೋದ್ರೆ?"

"ನಿಲ್ಲಲ್ಲ ಕಣಮ್ಮ."

"ನೀವು ನೋಡ್ಕಂತೀರಾ?"

"ನೋಡ್ಕೊತೀನಿ. ಅದು ನನ್ನ ಜವಾಬ್ದಾರಿ." ಅವಳು ತಲೆಯಾಡಿಸಿ ಸೆರಗು ಸರಿಮಾಡಿಕೊಂಡಳು. ಆ ಮಾತಿಗಿಂತ ಹೆಚ್ಚಿನದೇನೂ ಅವಳಿಗೆ ಬೇಕಿರಲಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ಪೀಡೆ ಆ ಫ್ಯಾನೇ ಆಗಿತ್ತು. ಅದರ ಮೋಟಾರಿನ ಬ್ರಷ್ಷಿನಲ್ಲಿ ಹಾರುವ ಕಿಡಿ ಮುದ್ದಪ್ಪನ ಹಾಡಿನ ಮೇಲೆಲ್ಲ ಗರಗರ ಎಂದು ಚೆಲ್ಲುತ್ತಿತ್ತು. ಶಾಮಣ್ಣ ಮೋಟಾರಿಗೆ ಕಿಡಿ ನುಂಗುವ ಕಂಡೆನ್ಸರ್ ಕಟ್ಟಿದ, ವನಸ್ಪತಿ ಡಬ್ಬ ಕತ್ತರಿಸಿ ಅದರೊಳಗೆ ಮೋಟಾರು ಕೂರಿಸಿದ, ತಂತಿಗಳನ್ನು ಜಡೆ ಹೆಣೆದ. ಗರಗರ ಇಳಿಯಿತು, ಹೋಗಲಿಲ್ಲ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಹಿಂದೆ ಎಲ್ಲೋ ಚಟಚಟ ಉಳಿದೇಬಿಟ್ಟಿತು. ಯಾವ ಸದ್ದು ಯಾವುದರದೆಂದು ತಿಳಿಯಲು ಅವನು ಅಂಗಿಯ ಸೊಂಟದ ಹತ್ತಿರ ಫ್ಯಾನಿಗೊಂದು ಸ್ವಿಚ್ಚು ಇಟ್ಟಿದ್ದ.

"ಆಫ್ ಮಾಡೋ!"

ಮುದ್ದಪ್ಪ ಒಳಗಿನಿಂದ ಆಫ್ ಮಾಡಿ ಹಾಡಿದ. "ಮಣ್ಣಿನೂರಿಂದ ಬಂದೆನೋ ಚಂದ್ರಮಾ, ಒಳಗೆ ಕರೆಯೋ ಎನ್ನನು..." ಆಹಾ! ಹಿತ್ತಿಲಿನ ತುಂಬ ಬರೀ ಮುದ್ದಪ್ಪ. ಶಾಮಣ್ಣನ ಮುಖ ಅರಳಿದ್ದನ್ನು ಎಕ್ಸ್‌ರೇ ಕಿಟಕಿಯ ಒಳಗಿನಿಂದ ಗೆಳೆಯ ನೋಡಿದ.

"ಆನ್ ಮಾಡು."

ಚಟಚಟ. ಆ ಮುಖ ಹಾಗೇ ಬಾಡಿಹೋಯಿತು. ಅದನ್ನೂ ನೋಡಿದ.

"ದೇವ್ರು ಕೊಟ್ಟ ಗಂಟಲು ಕಣೋ ನಿಂದು. ಅದ್ರ ಮೇಲೆ ಈ ದರಿದ್ರ ಚಟಚಟ! ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ" ಎಂದು ಶಾಮಣ್ಣ ಸ್ಕ್ರೂ ಡ್ರೈವರು ಎಸೆದ.

ಬುರುಡೆ ಬಿಚ್ಚಿದಾಗ ಮುದ್ದಪ್ಪನ ಮುಖದಿಂದ ನೀರು ಇಳಿಯುತ್ತಿತ್ತು. ಆದರೂ ಹಲ್ಲು ಕಿರಿದ. "ಫ್ಯಾನಿಲ್ದೆ ಒಂದ್ ಪದ ಹಾಡೋಗಂಟ ತಡ್ಕಂಬೌದು ಬಿಡು. ಮುಳುಗಿ ಕೆರೆ ತೂಬು ಬಿಚ್ಚೋನು ನಾನು."

"ಬೇಡ ಬೇಡ. ಫ್ಯಾನ್ ಇರ್ಲೇಬೇಕು" ಎಂದ ಶಾಮಣ್ಣ. ಬಾಯಿ ಹೇಳಿತು, ದನಿಯಲ್ಲಿ ಜೀವ ಇರಲಿಲ್ಲ. ಮುದ್ದಪ್ಪ ಅದನ್ನೂ ಗಮನಿಸಿದ. ಸೊಂಟದ ಸ್ವಿಚ್ಚನ್ನು ತೆಗೆಯಬೇಕೆಂದು ಶಾಮಣ್ಣನಿಗೆ ಹೊಳೆಯಲಿಲ್ಲ. ಒಂದು ಪದ ಎಂದರೆ ಒಂದೇ ಸಲ ಎಂದೇ ಇಬ್ಬರ ತಲೆಯಲ್ಲೂ ಇತ್ತು. ಹುಟ್ಟಿದಾಗಿನಿಂದ ನಾಟಕ ನೋಡಿದವರಿಗೆ, ಆಡಿದವರಿಗೆ, ಒನ್ಸ್ ಮೋರ್ ಎನ್ನುವ ಜನ ನೆನಪಾಗಲಿಲ್ಲ. ಪರೀಕ್ಷೆ ಮಾಡಿದ ಹಿತ್ತಿಲಿನಲ್ಲಿ ಆ ಜನ ಇರಲಿಲ್ಲವಲ್ಲ!

ತರೀಕೆರೆಯ ಆಟದ ದಿನ ಶಾಮಣ್ಣನಿಗೆ ಮೈಯೆಲ್ಲ ಮುಳ್ಳು. ಮಧ್ಯಾಹ್ನದ ಬಸ್ಸಿಗೇ ಹೋಗಿ ತಂತಿ ಎಳೆದ, ಬಿಚ್ಚಿದ, ಮತ್ತೆ ಎಳೆದ. ಪಕ್ಕದ ಹೋಟೆಲಿಗೆ ಹೋಗಿ, "ಗ್ರೈಂಡರ್ ಇದ್ಯಾ? ಸಂಜೆ ಹಾಕ್ಬೇಡಿ" ಎಂದು ಹೇಳಿ ಬೈಸಿಕೊಂಡು ಬಂದ. ಜೊತೆಗೆ ಬಂದಿದ್ದ ರಂಗನಾಯಕಿ, "ಒಂದು ಗಳಿಗೆ ಕೂತ್ಕೊಳ್ಳಿ, ನಿಮ್ಮನ್ನ ನೋಡಿದ್ರೆ ನನಗೇ ತಲೆ ಸುತ್ತುತ್ತೆ" ಎಂದಳು. ಕೂರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಯಲು ತುಂಬಿತು. ಬಸ್ ಸ್ಟ್ಯಾಂಡಿನ ಕಂಡಕ್ಟರುಗಳು, ಅಡಿಕೆ ಮಂಡಿಯವರು, ಗಾಡಿ ಕಟ್ಟಿಕೊಂಡು ಬಂದ ಹಳ್ಳಿಯವರು. ಹೆಂಗಸರ ಕಡೆ ಮೊದಲನೆಯ ಚಾಪೆಯಲ್ಲಿ ಅಂಜಿನಮ್ಮ. ಪರದೆಯ ಹಿಂದೆ ಶಾಮಣ್ಣ ಫ್ಯಾನು ಹಾಕಿ, ಕೊಳವೆಯ ಬಾಯಿಗೆ ಕೆನ್ನೆಯಿಟ್ಟು ಗಾಳಿ ಬರುವುದನ್ನು ನೋಡಿ, ಬುರುಡೆ ಇಟ್ಟ. ಕೈಯಲ್ಲಿ ಬಿಗಿದರೆ ಸಾಲದೆಂದು ನಟ್ಟುಗಳನ್ನು ಇಕ್ಕಳದಲ್ಲಿ ಬಿಗಿದ. ಒಳಗಿನಿಂದ ಮುದ್ದಪ್ಪ ಏನೋ ಹೇಳಿ ಕಣ್ಣು ಮಿಟುಕಿಸಿದ. ಏನು ಹೇಳಿದನೋ ಕೇಳಿಸಲಿಲ್ಲ.

ಪರದೆ ಮೇಲೆದ್ದಿತು. ಚಂದ್ರನಂಗಿ ತೊಟ್ಟು ಮುದ್ದಪ್ಪ ದಡದಡ ನಡೆದು ಬಂದಾಗ ಜನ ಹುಚ್ಚೆದ್ದು ಕೂಗಿದರು. ಮಾತು ಶುರುವಾಯಿತು. ಮಾತಿನ ಜೊತೆ ಚಟಚಟವೂ ಶುರುವಾಯಿತು. ರಂಗದ ಪಕ್ಕ ಸೆಟ್ಟಿನ ಮುಂದೆ ನಿಂತಿದ್ದ ಶಾಮಣ್ಣ ಅಲ್ಲಿ ಇಲ್ಲಿ ತಿರುಗಿಸಿದ, ಏನೂ ಪ್ರಯೋಜನವಾಗಲಿಲ್ಲ. ಯಾರೋ ಹಿಂದಿನಿಂದ ಅರಚಿದರು. "ಏಯ್ ಮೈಕಿನೋನೇ, ಗರಗರ ನಿಲ್ಸಯ್ಯ!"

ಶಾಮಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಂಗಡಿ ತೆರೆದ ಹದಿನೇಳು ವರ್ಷದಲ್ಲಿ ಅವನಿಗೆ ಯಾರೂ ಆ ಮಾತು ಅಂದಿರಲಿಲ್ಲ. ಕಿಟಕಿಯ ಒಳಗಿನಿಂದ ಮುದ್ದಪ್ಪನ ಕಣ್ಣು ಒಂದು ಸಲ ಅವನ ಕಡೆ ಹೊರಳಿತು.

ಆಮೇಲೆ ಮೇಷ್ಟ್ರ ಹಾರ್ಮೋನಿಯಂ ಎತ್ತಿಕೊಂಡಿತು, ಮುದ್ದಪ್ಪ ಹಾಡಿದ.

ಚಟಚಟ ಇಲ್ಲ. ಗರಗರ ಇಲ್ಲ. ಏನೂ ಇಲ್ಲ. ಮಣ್ಣಿನೂರಿಂದ ಬಂದೆನೋ ಚಂದ್ರಮಾ ಎಂಬ ಆ ದನಿ ಮಾತ್ರ, ಹಿತ್ತಿಲಿನಲ್ಲಿ ಕೇಳಿದಂತೆ, ಅದಕ್ಕಿಂತ ದೊಡ್ಡದಾಗಿ, ತರೀಕೆರೆಯ ಬಯಲಿನ ತುಂಬ. ಶಾಮಣ್ಣನಿಗೆ ನಂಬಿಕೆಯೇ ಬರಲಿಲ್ಲ. ಕಂಡೆನ್ಸರ್ ಈಗ ಹಿಡಿಯಿತೇನೋ, ಬ್ರಷ್ಷು ಸವೆದು ಸರಿಹೋಯಿತೇನೋ ಎಂದುಕೊಂಡ. ಮನಸ್ಸಿಗೆ ಬೇಕಾದದ್ದು ಸಿಕ್ಕಾಗ ಕಾರಣ ಯಾರು ಕೇಳುತ್ತಾರೆ? ಸೆಟ್ಟಿನ ಪೆಟ್ಟಿಗೆಯ ಮೇಲೆ ಕೂತ. ಬೆನ್ನು ಒರಗಿಸಿ, ಕಣ್ಣು ಮುಚ್ಚಿ, ಕೈಕಾಲು ಅಲ್ಲಾಡಿಸದೆ ಕೂತ. ಅವನು ಹಾಗೆ ಕೂತದ್ದನ್ನು ರಂಗನಾಯಕಿ ಮದುವೆಯಾದ ಮೇಲೆ ಮೊದಲ ಸಲ ನೋಡಿದಳು. ಅವನ ಕೆನ್ನೆ ಒದ್ದೆಯಾಗಿತ್ತು.

ಪದ ಮುಗಿಯಿತು. "ಒನ್ಸ್ ಮೋರ್!" ಎಂದಿತು ಬಯಲು. ಮುದ್ದಪ್ಪ ಮತ್ತೆ ಹಾಡಿದ. "ಒನ್ಸ್ ಮೋರ್!" ಈ ಸಲ ಬಯಲಿನ ಜೊತೆ ಶಾಮಣ್ಣನೂ ಕೂಗಿದ. ಮೈಕಿನವನು ಕೂಗುವುದು ಮರ್ಯಾದೆಯಲ್ಲ, ಆದರೂ ಕೂಗಿದ, ಗಂಟಲು ಹರಿಯುವ ಹಾಗೆ ಕೂಗಿದ. ಮುದ್ದಪ್ಪ ಮತ್ತೂ ಹಾಡಿದ.

ಮೂರನೆಯ ಸಲ ಪದ ನಿಧಾನವಾಯಿತು. ಭಾವ ತುಂಬಿ ಹಾಡುತ್ತಿದ್ದಾನೆ ಎಂದು ಜನ ತಲೆದೂಗಿದರು. ಒಂದು ಮಾತು ಬಿಟ್ಟುಹೋಯಿತು. ಮಾತು ಮಾತಿನ ನಡುವೆ ಶಾಮಣ್ಣನಿಗೆ ಹೊಸದೊಂದು ಸದ್ದು ಕೇಳಿಸಿತು. ಸೆಟ್ಟು ಅಷ್ಟು ಚೊಕ್ಕವಾಗಿದ್ದರಿಂದಲೇ ಕೇಳಿಸಿತು. ನೀರಿನಿಂದ ಮೇಲೆ ಹಾಕಿದ ಮೀನು ಬಾಯಿ ಬಿಡುವ ಹಾಗೆ, ಹಹ್, ಹಹ್.

ಬ್ರಷ್ಷು ತಾನಾಗಿ ಸರಿಹೋಗುವ ವಸ್ತುವೇ ಅಲ್ಲ. ಫ್ಯಾನು ತಿರುಗಿದರೆ ಚಟಚಟ ಇರಲೇಬೇಕು. ಇಲ್ಲವೆಂದರೆ ಫ್ಯಾನು ತಿರುಗುತ್ತಿಲ್ಲ, ಮುದ್ದಪ್ಪ ಸೊಂಟದ ಸ್ವಿಚ್ಚು ಆಫ್ ಮಾಡಿದ್ದಾನೆ. ಇದು ಅವನಿಗೆ ಗೊತ್ತಿಲ್ಲದ್ದೇ? ಊರಿಗೆಲ್ಲ ಹೇಳಿಕೊಂಡು ಬಂದವನು ಅವನೇ ಅಲ್ಲವೇ? ಪೆಟ್ಟಿಗೆಯ ಮೇಲಿಂದ ರಂಗಕ್ಕೆ ಹೇಗೆ ಹಾರಿದನೋ, ಕಾಲಿಗೆ ತಂತಿ ಸಿಕ್ಕಿ ಹೇಗೆ ಬಿದ್ದೆದ್ದನೋ. ಅಷ್ಟರಲ್ಲಿ ಮುದ್ದಪ್ಪ ಮಂಡಿಯೂರಿ, ನಿಧಾನವಾಗಿ ಮಗ್ಗುಲಿಗೆ ಉರುಳಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಭಿನಯ ಎಂದರೆ ಅಭಿನಯ!

ನಟ್ಟು ಕೈಗೆ ಜಗ್ಗಲಿಲ್ಲ. ಬಿಗಿದಿದ್ದು ಇಕ್ಕಳದಲ್ಲಿ, ಇಕ್ಕಳ ಇದ್ದದ್ದು ಪರದೆಯ ಹಿಂದೆ. ಶಾಮಣ್ಣ ಜೇಬಿನ ಟೆಸ್ಟರನ್ನು ಕಿಟಕಿಯ ಅಂಚಿಗೆ ತುರುಕಿ, ಎರಡೂ ಕೈಯಲ್ಲಿ ಫಿಲ್ಮ್ ಹಿಡಿದು ಸೀಳಿದ. ಬೆರಳು ಕುಯ್ದು ರಕ್ತ ಸುರಿಯಿತು. ಒಳಗೆ ಮುದ್ದಪ್ಪನ ತುಟಿ ನೇರಳೆ ಹಣ್ಣಿನಂತಾಗಿತ್ತು. ಮೈಕು ಇನ್ನೂ ನಡೆಯುತ್ತಲೇ ಇತ್ತು.

"ಮುದ್ದಪ್ಪಾ! ಉಸಿರಾಡೋ! ಲೇ, ನಿನ್ಗೆ ಕೈ ಮುಗೀತೀನಿ ಕಣೋ, ಉಸಿರಾಡೋ!"

ಆ ಕೂಗು ಲೌಡ್ ಸ್ಪೀಕರಿನಲ್ಲಿ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತು. ಚಪ್ಪಾಳೆ ನಿಂತುಹೋಯಿತು. ಬಯಲಿಗೆ ಬಯಲೇ ಕಿವಿಯಾಯಿತು. ಸ್ಪೀಕರಿನಲ್ಲಿ ಮೊದಲು ಏನೂ ಇಲ್ಲ. ಆಮೇಲೆ ಒಂದು ದೊಡ್ಡ ಉಸಿರು. ಇನ್ನೊಂದು. ಅದರ ಹಿಂದೆ ಮುದ್ದಪ್ಪನ ದನಿ, ತೀರ ಸಣ್ಣಗೆ, ಆದರೆ ಹಾಲಿನಷ್ಟು ಚೊಕ್ಕವಾಗಿ.

"ಶಾಮಣ್ಣ... ಗರಗರ ಇತ್ತೇನೋ?"

ಶಾಮಣ್ಣ ಅವನ ಎದೆಯ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತ. ಅದೂ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಅಂಜಿನಮ್ಮ ರಂಗ ಹತ್ತಿ ಬಂದಿದ್ದಳು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಲ್ಲಿ ಗಾಳಿ ಹಾಕಿದಳು. ಶಾಮಣ್ಣನ ಕಡೆ ನೋಡಿ, "ನೋಡ್ಕಂತೀನಿ ಅಂದಿದ್ರಿ" ಎಂದಳು. ಬೈಯಲಿಲ್ಲ, ಶಪಿಸಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಆಮೇಲೆ ಬಹಳ ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ಮನೆಯೊಳಗೇ ಬಾಗಿಲಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬಾಗಿಲಿಗೆ ತಿರುಗಿದ. ಬೀದಿಯಲ್ಲಿ ಯಾರ ರೇಡಿಯೋ ಗರಗರ ಎಂದರೂ ಹೊರಗೆ ಬರಲಿಲ್ಲ. ಯಾವುದಾದರೂ ರೇಡಿಯೋ ತೀರ ಚೊಕ್ಕವಾಗಿ ಹಾಡಿದರೆ ಮಾತ್ರ ಬೆಚ್ಚಿ ಬೀಳುತ್ತಿದ್ದ. ರಂಗನಾಯಕಿ ಮಜ್ಜಿಗೆ ಬಡಿಸಿ ಸುಮ್ಮನೆ ಎದುರಿಗೆ ಕೂರುತ್ತಿದ್ದಳು, ಏನೂ ಆಡಿಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಂಜಿನಮ್ಮ ಒಬ್ಬಳೇ ಬಂದು ಜಗಲಿಯ ಮೇಲೆ ಕೂತಳು. ಶಾಮಣ್ಣ ಒಳಗೆ ಅಡಗಿಕೊಂಡ. ಅವಳು ಒಳಗೆ ಕೇಳಿಸುವಂತೆ ಹೇಳಿದಳು.

"ಅಜ್ಜಂಪುರದ ಆಟ ಐತಲ್ಲ ಸ್ವಾಮಿ. ಅವರು ಹಾಡ್ದೆ ಇರಲ್ಲ. ನಾನು ಬ್ಯಾಡ ಅಂದ್ರೆ ಕದ್ದಾದ್ರೂ ಹೋಗ್ತಾರೆ. ಬ್ಯಾರೆ ಮೈಕಿನೋರಿಗೆ ಆ ಅಂಗಿ ಗೊತ್ತಾಗಕಿಲ್ಲ. ನೀವು ಬಂದ್ರೆ ಕಳಿಸ್ತೀನಿ. ಇಲ್ದಿದ್ರೆ ಆ ಅಂಗಿನ ಒಲೆಗೆ ಹಾಕ್ತೀನಿ."

ಶಾಮಣ್ಣ ಹೊರಗೆ ಬಂದ. ಅವಳ ಮುಖ ನೋಡಲಾಗದೆ, "ಅಂಗಿ ತಂದ್ಕೊಡಮ್ಮ" ಎಂದಷ್ಟೇ ಹೇಳಿದ.

ಅಂಗಿ ಬಂತು. ಎಕ್ಸ್‌ರೇ ಕಿಟಕಿಯ ಅರ್ಧವನ್ನು ಕತ್ತರಿಸಿ ತೆಗೆದ. ಮೈಕು ಅರಚದ ಹಾಗೆ ಸ್ಪೀಕರುಗಳನ್ನು ದೂರ ಕಟ್ಟುವುದೆಂದು ತೀರ್ಮಾನಿಸಿದ. ನಟ್ಟುಗಳ ಜಾಗಕ್ಕೆ ಎಳೆದರೆ ಬಿಚ್ಚುವ ಲಾಡಿ ಹೊಲಿಸಿದ. ಸೊಂಟದ ಸ್ವಿಚ್ಚು ಕಿತ್ತು ತಂತಿಯನ್ನು ನೇರ ಬೆಸುಗೆ ಹಾಕಿದ. ಆಮೇಲೆ ಡಬ್ಬ ಬಿಚ್ಚಿದ. ಅಷ್ಟು ಕಷ್ಟಪಟ್ಟು ಕಟ್ಟಿದ್ದ ಕಂಡೆನ್ಸರನ್ನು ಕತ್ತರಿಸಿ ತೆಗೆದ, ಜಡೆ ಹೆಣೆದ ತಂತಿಗಳನ್ನು ಬಿಡಿಬಿಡಿಯಾಗಿ ಬಿಟ್ಟ. ಫ್ಯಾನು ಹಾಕಿದರೆ ಸ್ಪೀಕರಿನಲ್ಲಿ ಚಟಚಟ ಅಲ್ಲ, ಕಲ್ಲುಮಣ್ಣಿನ ರಸ್ತೆಯಲ್ಲಿ ಎತ್ತಿನ ಗಾಡಿ ಹೋದಂಥ ಗರಗರ.

"ಇದೇನ್ರೀ, ಇದ್ದದ್ದನ್ನೂ ಹಾಳು ಮಾಡಿದ್ರಿ?" ಎಂದಳು ರಂಗನಾಯಕಿ.

"ನಾನು ಎಲ್ಲಿ ನಿಂತಿದ್ರೂ ಫ್ಯಾನು ತಿರುಗೋದು ಕೇಳಿಸ್ಬೇಕು ಕಣೇ" ಎಂದ.

ಅಜ್ಜಂಪುರದಲ್ಲಿ ತರೀಕೆರೆಗಿಂತ ಹೆಚ್ಚು ಜನ. ಸುದ್ದಿ ಮೊದಲೇ ಮುಟ್ಟಿತ್ತಲ್ಲ. ಪರದೆ ಎದ್ದ ಗಳಿಗೆಯಿಂದ ಗರಗರ, ಗರಗರ. ಮುದ್ದಪ್ಪನ ದನಿ ಅದರ ಮೇಲೆ ಏರಿ ಏರಿ ಹಾಡಿತು. ಶಾಮಣ್ಣ ಸೆಟ್ಟಿನ ಪಕ್ಕ ನಿಂತೇ ಇದ್ದ. ಅಂಜಿನಮ್ಮ ಈ ಸಲ ಹೆಂಗಸರ ಕಡೆ ಹೋಗದೆ ಚಾಪೆ ತಂದು ಅವನ ಕಾಲ ಬುಡದಲ್ಲೇ ಹಾಕಿಕೊಂಡಿದ್ದಳು. ಪದ ಮುಗಿದು ಒನ್ಸ್ ಮೋರ್ ಬಂತು, ಇನ್ನೊಂದು ಬಂತು. ಅದರ ಜೊತೆಗೇ ಹಿಂದಿನಿಂದ ಹಳೆಯ ಅರಚಾಟವೂ ಬಂತು.

"ಏಯ್ ಮೈಕಿನೋನೇ! ಕಿವಿ ತೂತು ಬೀಳ್ತೈತೆ, ಗರಗರ ನಿಲ್ಸಯ್ಯ!"

ಹಲವರು ದನಿಗೂಡಿಸಿದರು. ಯಾರೋ ಶಿಳ್ಳೆ ಹೊಡೆದರು. ಶಾಮಣ್ಣ ಜನರ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು, ಜೀವಮಾನದ ಸಿಟ್ಟನ್ನೆಲ್ಲ ಸೇರಿಸಿ ಕೂಗಿದ.

"ನಿಲ್ಸಲ್ಲ ಕಣ್ರೀ!"

ಮುದ್ದಪ್ಪ ಮತ್ತೆ ಪದ ಎತ್ತಿಕೊಂಡ. ಕೆಳಗಿನಿಂದ ಅಂಜಿನಮ್ಮ ಕೇಳಿದಳು.

"ಕೇಳ್ತಾ ಐತಾ ಸ್ವಾಮಿ?"

"ಕೇಳ್ತಿದೆ ಕಣಮ್ಮ."

"ನಂಗೂ ಕೇಳ್ತೈತೆ" ಎಂದು ಅವಳು ಎಲೆಯಡಿಕೆಯ ಚೀಲ ಬಿಚ್ಚಿ ಅವನಿಗೂ ಒಂದು ಎಲೆ ಸುಣ್ಣ ಹಚ್ಚಿ ಕೊಟ್ಟಳು.